ಬೋಣಿಗಿ ಆಗೂತನಾ ನೀರಿಲ್ಲ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡರ ಹೊತ್ತು. ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಕಟಕೋಳದಲ್ಲಿ ಬೀಗರ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ರಟ್ಟಿನ ಡಬ್ಬಿ ಹಿಡಿದ ಹುಡುಗನೊಬ್ಬ ಬಾಗಿಲಿಗೆ ಬಂದು, "ಅಕ್ಕಾರ, ಒಂದ್ ಗ್ಲಾಸ್ ನಳದ ನೀರ ಕೊಡ್ರಿ" ಎಂದ. ನೀರಡಿಸಿರಬೇಕು ಅಂದುಕೊಂಡೆವು. ಅವನು ಕುಡಿಯಲಿಲ್ಲ. ಗ್ಲಾಸನ್ನು ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ತನ್ನ ಬಾಟಲಿಯ ನೀರಿನ ಇನ್ನೊಂದು ಗ್ಲಾಸ್ ಇಟ್ಟು, ಎರಡರಲ್ಲೂ ಲೋಹದ ಕಡ್ಡಿ ಇಳಿಬಿಟ್ಟು ವೈರನ್ನು ಪ್ಲಗ್ಗಿಗೆ ಚುಚ್ಚಿದ. ನೋಡನೋಡುತ್ತ ನಳದ ನೀರು ಕೆಂಗಂದು ಬಣ್ಣಕ್ಕೆ ತಿರುಗಿ, ಮೇಲೆ ರಾಡಿ ತೇಲಿತು. ಅವನ ಬಾಟಲಿಯ ನೀರು ತಿಳಿಯಾಗಿಯೇ ಇತ್ತು. "ನೋಡ್ರಿ, ದಿನಾ ಇದನ್ನ ಕುಡೀತೀರಿ" ಎಂದ. ಅವನು ಮಾರಲು ಬಂದದ್ದು ನೀರು ಶುದ್ಧ ಮಾಡುವ ಯಂತ್ರ.

ಆ ರಾಡಿ ನೀರಿನದಲ್ಲ, ಕಡ್ಡಿಯದು. ನಳದ ನೀರಿನಲ್ಲಿ ಕರಗಿದ ಲವಣಗಳಿರುವುದರಿಂದ ಅದರೊಳಗೆ ವಿದ್ಯುತ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಸವೆದು ತುಕ್ಕಾಗಿ ಬೀಳುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು, ಹಾಗಾಗಿ ಬಣ್ಣವೂ ಬಾರದು. ಹೈಸ್ಕೂಲಿನ ರಸಾಯನಶಾಸ್ತ್ರ ಇಷ್ಟೇ. ಹುಡುಗನಿಗೆ ಅದು ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನನ್ನ ಕಣ್ಣು ಅವನ ತುಟಿಯ ಮೇಲಿತ್ತು. ಒಣಗಿ ಬಿರುಕು ಬಿಟ್ಟಿತ್ತು. ಅಂಗಿಯ ಬೆನ್ನ ಮೇಲೆ ಬೆವರು ಆರಿ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು.

ಮನೆಯ ಹಿರಿಯರು ಯಂತ್ರ ಬೇಡವೆಂದರು. ಬೆಲ್ಲ-ನೀರು ತರಿಸಿ, "ಕುಂದ್ರೋ ತಮ್ಮಾ, ನೀರರೆ ಕುಡದು ಹೋಗು" ಎಂದರು. ಅವನು ನಕ್ಕು ಚೀಲ ಏರಿಸಿಕೊಂಡ. "ಬ್ಯಾಡ್ರಿ ಅಜ್ಜಾರ. ಬೋಣಿಗಿ ಆಗೂತನಾ ಎಲ್ಲೂ ಕುಂದ್ರೂದಿಲ್ರಿ. ನೀರ ಕುಡದ್ರ ಮತ್ತ ಹೊರಗ ಹೋಗಬೇಕಾಕ್ಕೈತಿ, ಎಲ್ಲಿ ಹೋಗೂದು?" ಬಾಟಲಿಯಲ್ಲಿ ನೀರಿತ್ತಲ್ಲ ಎಂದರೆ, ಅದು ಡೆಮೊಕ್ಕೆ ಇಟ್ಟದ್ದು, ಕುಡಿಯುವಂತಿಲ್ಲ. ಸಂಬಳ ಎಷ್ಟು ಎಂದು ಕೇಳಿದೆ. ಸಂಬಳವಿಲ್ಲ. ಯಂತ್ರ ಹೋದರೆ ಕಮಿಷನ್, ಹೋಗದಿದ್ದರೆ ಬಂದ ಪೆಟ್ರೋಲು ಅವನ ಕೈಯಿಂದಲೇ.

ಈ ಲೇಖನ ಆ ಹುಡುಗನ ಮೂತ್ರಪಿಂಡಗಳ ಬಗ್ಗೆ.

ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದ ಕಡೆ ಹೊರಟರೆ ನೆಲ ಒಣಗುತ್ತ ಹೋಗುವುದು ಬಸ್ಸಿನ ಕಿಟಕಿಯಲ್ಲೇ ಕಾಣುತ್ತದೆ. ಕಿತ್ತೂರಿಗೆ ಇನ್ನೂ ಮಲೆನಾಡಿನ ಅಂಚಿನ ಗಾಳಿ ಇದೆ. ಬೈಲಹೊಂಗಲ ಕೃಷಿ ಇಲಾಖೆಯ ಲೆಕ್ಕದಲ್ಲಿ ಉತ್ತರದ ಪರಿವರ್ತನಾ ವಲಯ. ಸವದತ್ತಿ, ರಾಮದುರ್ಗ ಉತ್ತರದ ಒಣ ವಲಯ. ಎರೆಭೂಮಿ, ಹಿಂಗಾರಿ ಜೋಳ, ಕಡಲೆ, ಹತ್ತಿ. ಮಲಪ್ರಭೆಯ ನೀರು ಹರಿಯುವ ಪಟ್ಟಿ ಬಿಟ್ಟರೆ ಬೇಸಿಗೆಯಲ್ಲಿ ನೆರಳಿಗೆ ಬೇವಿನ ಮರ, ಬಸ್ ನಿಲ್ದಾಣ, ಗುಡಿ.

ಈ ಸೀಮೆಯಲ್ಲಿ ಮನೆಬಾಗಿಲಿಗೆ ಬರುವ ವ್ಯಾಪಾರ ಹೊಸದಲ್ಲ. ಸುರೇಬಾನ, ರಾಮದುರ್ಗದ ನೇಕಾರರ ಸೀರೆ ಗಂಟಿನಲ್ಲಿ ಕೂತು ಊರೂರು ಸುತ್ತಿದೆ. ಪಾತ್ರೆಯವರು, ಬಳೆಗಾರರು ಬಂದಿದ್ದಾರೆ. ಆದರೆ ಗಂಟಿನವನು ತನ್ನ ಸರಕಿಗೆ ತಾನೇ ಒಡೆಯ, ಬಿಸಿಲಿಗೆ ಹೆದರಿ ಗುಡಿಯಲ್ಲಿ ಮಲಗಿದರೆ ಕೇಳುವವರಿಲ್ಲ. ಈಗಿನ ಹುಡುಗನ ಜೇಬಿನಲ್ಲಿ ಫೋನಿದೆ, ಫೋನಿನೊಳಗೆ ಟೀಮ್ ಲೀಡರ್ ಇದ್ದಾನೆ. "ಎಷ್ಟ್ ಮನಿ ಆದ್ವು?" ಎಂದು ತಾಸಿಗೊಮ್ಮೆ ವಿಚಾರಣೆ. ಲೀಡರನಿಗೂ ಸಂಬಳವಿಲ್ಲ, ಕೆಳಗಿನವರು ನಡೆದಷ್ಟು ಮೇಲಿನವನಿಗೆ ಪಾಲು. ಹೀಗಿರುವಾಗ "ಕೂತು ನೀರು ಕುಡಿ" ಎನ್ನುವ ಮಾತು ಆ ಸರಪಳಿಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ.

ಇನ್ನೊಂದು ಕೆಟ್ಟ ಹೊಂದಾಣಿಕೆಯೂ ಇದೆ. ಹಿಂಗಾರಿ ರಾಶಿ ಮುಗಿದು ರೈತರ ಕೈಗೆ ಹಣ ಬರುವುದು ಫೆಬ್ರುವರಿ, ಮಾರ್ಚಿನ ನಂತರ. ಆಮೇಲೆ ಮದುವೆಯ ಹಂಗಾಮು, ಯಲ್ಲಮ್ಮನ ಗುಡ್ಡದಲ್ಲಿ ದವನದ ಹುಣ್ಣಿಮೆ. ಮಿಕ್ಸರು, ಒಲೆ, ಫಿಲ್ಟರು, ಶಕ್ತಿಪುಡಿ, ವಿಮೆ ಎಲ್ಲವೂ ಹೋಗುವುದು ಇದೇ ಎರಡು-ಮೂರು ತಿಂಗಳಲ್ಲಿ. ದಿನದ ಲೆಕ್ಕವೂ ಹಾಗೆಯೇ: ಬೆಳಗ್ಗೆ ಹೊಲ, ಸಂಜೆ ಅಡುಗೆ ಮತ್ತು ದನಕರು. ಹೆಣ್ಣುಮಕ್ಕಳು ಮನೆಯಲ್ಲಿ ಕೈಬಿಡುವಾಗಿ ಸಿಗುವುದು ಹನ್ನೆರಡರಿಂದ ಮೂರೂವರೆಯೊಳಗೆ. ಬಿಸಿಲಿಗೆ ಹೆದರಿ ಊರೆಲ್ಲ ಒಳಗೆ ಸೇರುವ ಹೊತ್ತೇ ಇವನು ಹೊರಗೆ ನಿಂತು ಬಾಗಿಲು ಬಡಿಯುವ ಹೊತ್ತು.

ಈಗ ಶಾಖದ ಲೆಕ್ಕ ನೋಡೋಣ. ಟಿವಿಯಲ್ಲಿ ಹೇಳುವ ಉಷ್ಣಾಂಶ ನೆರಳಿನದು. ದೇಹ ಅನುಭವಿಸುವ ಶಾಖವನ್ನು ಅಳೆಯಲು 1950ರ ದಶಕದಲ್ಲಿ ಅಮೆರಿಕದ ಸೇನೆಯ ತರಬೇತಿ ಶಿಬಿರಗಳಲ್ಲಿ ಯುವ ಸೈನಿಕರು ಬಿಸಿಲಿಗೆ ಕುಸಿಯತೊಡಗಿದಾಗ ಒಂದು ಸೂಚ್ಯಂಕ ಕಟ್ಟಿದರು, ಅದಕ್ಕೆ ಡಬ್ಲ್ಯುಬಿಜಿಟಿ ಎಂದು ಹೆಸರು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಳತೆಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕಪ್ಪು ಗೋಲದ ಅಳತೆಗೆ ಎರಡು ಪಾಲು, ಗಾಳಿಯ ಉಷ್ಣಾಂಶಕ್ಕೆ ಒಂದು ಪಾಲು. ಗಾಳಿ 39 ಡಿಗ್ರಿ, ತೇವಾಂಶ ಶೇ 25ರ ಆಸುಪಾಸು ಇರುವ ಒಣ ಮಧ್ಯಾಹ್ನವೊಂದನ್ನು ತೆಗೆದುಕೊಳ್ಳಿ. ಒದ್ದೆ ಥರ್ಮಾಮೀಟರು ಸುಮಾರು 24 ತೋರಿಸುತ್ತದೆ. ಕಪ್ಪು ಗೋಲ 55 ಎಂದಿಟ್ಟುಕೊಂಡರೆ ಸೂಚ್ಯಂಕ 31.7. ಹೊರೆ ಹೊತ್ತು ನಡೆಯುವಂಥ ಮಧ್ಯಮ ಶ್ರಮವನ್ನು ಎಡೆಬಿಡದೆ ಮಾಡಲು, ಬಿಸಿಲಿಗೆ ಒಗ್ಗಿದ ದೇಹಕ್ಕೂ ಮಿತಿ 28. ಸೂಚ್ಯಂಕ 31.5 ತಲುಪಿದರೆ ತಾಸಿನಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೆಲಸ ಬೇಡ ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಸ್ಥೆಯ ಕೋಷ್ಟಕ. ಉಳಿದ ಮುಕ್ಕಾಲು ತಾಸು ನೆರಳು, ನೀರು.

ಗಮನಿಸಬೇಕಾದ್ದು, ಆ ದಿನ ಎಚ್ಚರಿಕೆಯ ಸಂದೇಶ ಯಾವುದೂ ಬಂದಿರುವುದಿಲ್ಲ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಹವಾಮಾನ ಇಲಾಖೆ ಅದನ್ನು ಶಾಖದ ಅಲೆ ಎನ್ನುತ್ತದೆ. 39 ಡಿಗ್ರಿ ನಮ್ಮಲ್ಲಿ ಸುದ್ದಿಯಲ್ಲ. ಸುದ್ದಿಯಾಗದ ಇಂಥ ದಿನಗಳ ಸಾಲೇ ಮೂತ್ರಪಿಂಡವನ್ನು ಸವೆಸುವುದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ 2025ರ ಆಗಸ್ಟ್‌ನಲ್ಲಿ ಜಂಟಿಯಾಗಿ ತಂದ ವರದಿಯ ಪ್ರಕಾರ, ಇದೇ ಸೂಚ್ಯಂಕ 20 ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ದುಡಿಮೆಯ ಸಾಮರ್ಥ್ಯ ಶೇ 2ರಿಂದ 3 ಕುಸಿಯುತ್ತದೆ. 31.7ರಲ್ಲಿ ಆ ಕುಸಿತ ಹೆಚ್ಚುಕಡಿಮೆ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲೇ ಅಂದಾಜಿಸಿತ್ತು: 2030ರ ಹೊತ್ತಿಗೆ ಭಾರತ ಶಾಖದಿಂದ ಶೇ 5.8ರಷ್ಟು ದುಡಿಮೆಯ ತಾಸುಗಳನ್ನು ಕಳೆದುಕೊಳ್ಳುತ್ತದೆ, ಅಂದರೆ 3.4 ಕೋಟಿ ಪೂರ್ಣಾವಧಿ ಉದ್ಯೋಗಗಳಷ್ಟು. ಈ ನಷ್ಟ ಯಾರ ತಲೆಗೆ ಬೀಳುತ್ತದೆ? ಸಂಬಳದವನಾದರೆ ಒಂದಿಷ್ಟು ಮಾಲೀಕನ ಗಂಟಿನಿಂದ ಹೋಗುತ್ತದೆ. ಕಮಿಷನ್‌ನವನು ಅದನ್ನು ಮತ್ತಷ್ಟು ಬಾಗಿಲು ಬಡಿದು, ಮತ್ತಷ್ಟು ಹೊತ್ತು ಬಿಸಿಲಲ್ಲಿ ನಿಂತು ತಾನೇ ತುಂಬಿಕೊಳ್ಳಬೇಕು. ಬಿಸಿಲು ಹೆಚ್ಚಾದಷ್ಟೂ ಅವನು ಬಿಸಿಲಲ್ಲಿರುವ ಹೊತ್ತೂ ಹೆಚ್ಚು.

ಕೂಲಿಯ ಬಗೆಯೇ ರೋಗಕ್ಕೆ ಕಾರಣವಾಗಬಲ್ಲದೇ? ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ, ಮಾಡಿದಷ್ಟಕ್ಕೆ ಕೂಲಿ ಪಡೆಯುವವರು ಅತಿಯಾಗಿ ದುಡಿದು ಕೆಲವೇ ವರ್ಷಗಳಲ್ಲಿ ಆರೋಗ್ಯ ಹಾಳುಮಾಡಿಕೊಳ್ಳುತ್ತಾರೆ ಎಂದು. ಆಗ ಅದು ಕಣ್ಣಂದಾಜಿನ ಮಾತು. ಅದಕ್ಕೆ ರಕ್ತಪರೀಕ್ಷೆಯ ಆಧಾರ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ. 2014ರ ಬೇಸಿಗೆಯಲ್ಲಿ 295 ಕೃಷಿ ಕಾರ್ಮಿಕರ ರಕ್ತವನ್ನು ಬೆಳಗ್ಗೆ ಕೆಲಸಕ್ಕೆ ಮುನ್ನ ಮತ್ತು ಸಂಜೆ ಕೆಲಸ ಮುಗಿದ ಮೇಲೆ ತೆಗೆದು, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಅಂಶವನ್ನು ಹೋಲಿಸಿದರು. ಒಂದೇ ದಿನದ ದುಡಿಮೆಯಲ್ಲಿ 35 ಜನರ ಮೂತ್ರಪಿಂಡಕ್ಕೆ ಏಟು ಬಿದ್ದಿತ್ತು. ದಿನಗೂಲಿಯವರಿಗೆ ಹೋಲಿಸಿದರೆ, ಕಿತ್ತಷ್ಟಕ್ಕೆ ಕೂಲಿ ಪಡೆಯುವವರಲ್ಲಿ ಆ ಏಟಿನ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು. ಬಿಸಿಲು ಇಬ್ಬರಿಗೂ ಒಂದೇ ಇತ್ತು, ಎಣಿಸಿ ಕೊಡುವ ರೀತಿ ಬೇರೆ ಇತ್ತು.

ಮಧ್ಯ ಅಮೆರಿಕದ ಕತೆ ಇನ್ನೂ ಕಠೋರ. ಎಲ್ ಸಾಲ್ವಡಾರ್, ನಿಕರಾಗುವಾಗಳಲ್ಲಿ ಕಬ್ಬು ಕಡಿಯುವ ಯುವಕರು ಸಕ್ಕರೆ ಕಾಯಿಲೆಯಿಲ್ಲದೆ, ರಕ್ತದೊತ್ತಡವಿಲ್ಲದೆ ಮೂತ್ರಪಿಂಡ ಕೆಟ್ಟು ಸಾಯುತ್ತಿರುವುದನ್ನು ವೈದ್ಯರು 2002ರ ಸುಮಾರಿಗೆ ವರದಿ ಮಾಡತೊಡಗಿದರು. ಅವರಿಗೂ ಕೂಲಿ ಟನ್ನಿನ ಲೆಕ್ಕದಲ್ಲಿ. ಕಾರಣದ ಬಗ್ಗೆ ಕೀಟನಾಶಕ, ನೀರಿನೊಳಗಿನ ಲೋಹ ಎಂದೆಲ್ಲ ಚರ್ಚೆ ನಡೆದು ಈಗಲೂ ಪೂರ್ತಿ ಮುಗಿದಿಲ್ಲ. ಆದರೆ ಬಿಸಿಲು ಮತ್ತು ನೀರಿಲ್ಲದ ದುಡಿಮೆಯತ್ತ ಬೆರಳು ಮತ್ತೆಮತ್ತೆ ತಿರುಗಿದೆ. ಕೆಲಸದ ನಡುವೆ ಕಡ್ಡಾಯ ವಿಶ್ರಾಂತಿ, ಡೇರೆಯ ನೆರಳು, ನೀರು ಕೊಟ್ಟ ಕಾರ್ಖಾನೆಗಳಲ್ಲಿ ಹಾನಿ ಇಳಿದದ್ದು ಆ ವಾದಕ್ಕಿರುವ ಗಟ್ಟಿ ಆಧಾರ.

ಕಬ್ಬಿನ ಗದ್ದೆಯವನಿಗೂ ಬಾಗಿಲು ಬಡಿಯುವವನಿಗೂ ವ್ಯತ್ಯಾಸ ಇದ್ದೇ ಇದೆ. ಇವನಿಗೆ ಶ್ರಮ ಕಡಿಮೆ, ನಡುನಡುವೆ ಜಂತಿಮನೆಯ ನೆರಳು ಸಿಗುತ್ತದೆ, ಬೈಕ್ ಓಡುವಾಗ ಗಾಳಿ ತಾಗುತ್ತದೆ. ಒಬ್ಬೊಬ್ಬನ ಅಪಾಯ ಕಬ್ಬು ಕಡಿಯುವವನಷ್ಟಿರಲಾರದು. ಆದರೆ ಮೂತ್ರಪಿಂಡದ ಮಟ್ಟಿಗೆ ಬೇಕಾದ ಮೂರೂ ಸಂಗತಿ ಇಲ್ಲಿ ಕೂಡಿವೆ: ಬಿಸಿಲು, ನೀರು ತಪ್ಪಿಸುವ ರೂಢಿ, ನಿಲ್ಲಗೊಡದ ಕೂಲಿ.

ಹೃದಯ ಪಂಪು ಮಾಡುವ ರಕ್ತದಲ್ಲಿ ಐದನೇ ಒಂದು ಪಾಲು ಮೂತ್ರಪಿಂಡಗಳಿಗೆ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬಹುತೇಕ ಎಲ್ಲವನ್ನೂ ಮರಳಿ ಹೀರಿಕೊಳ್ಳುವ ಯಂತ್ರ ಅದು. ಬಿಸಿಲಿಗೆ ದೇಹ ರಕ್ತವನ್ನು ಚರ್ಮದತ್ತ ಅಟ್ಟುತ್ತದೆ, ಬೆವರಾಗಿ ತಾಸಿಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಮೂತ್ರಪಿಂಡಕ್ಕೆ ಬರುವ ರಕ್ತ ಇಳಿಯುತ್ತದೆ, ಇದ್ದ ನೀರನ್ನು ಹಿಡಿದಿಡಲು ಅದು ಹೆಚ್ಚು ದುಡಿಯಬೇಕಾಗುತ್ತದೆ. ಒಂದು ದಿನದ ಏಟು ಮಾಯುತ್ತದೆ. ವರ್ಷಕ್ಕೆ ಅರವತ್ತು ದಿನ, ಹತ್ತು ವರ್ಷ ಏಟು ಬಿದ್ದರೆ ಕಲೆ ಉಳಿಯುತ್ತದೆ. ನೋವಂತೂ ಇರುವುದಿಲ್ಲ. ಮೂತ್ರಪಿಂಡದ ಅರ್ಧ ಸಾಮರ್ಥ್ಯ ಹೋಗುವವರೆಗೂ ಸಾಮಾನ್ಯ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಅಂಕಿ ಮಾಮೂಲಿನಂತೆಯೇ ಕಾಣಬಹುದು. ಕಾಲು ಬಾತು, ಊಟ ಸೇರದೆ ಆಸ್ಪತ್ರೆಗೆ ಬಂದಾಗ ವೈದ್ಯರಿಗೆ ಉಳಿದಿರುವುದು ಡಯಾಲಿಸಿಸ್ ಯಂತ್ರ.

ಮೇಲಿಂದ ಎರಡು ಪೆಟ್ಟು ಇವನೇ ಕೊಂಡು ತರುತ್ತಾನೆ. ದಿನವಿಡೀ ನಡೆದ ಮೊಣಕಾಲು ಬೆನ್ನು ನೋವಿಗೆ ಮೆಡಿಕಲ್ ಅಂಗಡಿಯ ಗುಳಿಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ನೋವುಗುಳಿಗೆಗಳು ಮೂತ್ರಪಿಂಡದ ರಕ್ತನಾಳ ಹಿಗ್ಗುವುದನ್ನು ತಡೆಯುತ್ತವೆ. ನೀರು ಕುಡಿದವನಿಗೆ ಒಂದೆರಡು ಗುಳಿಗೆ ದೊಡ್ಡ ಸಂಗತಿಯಲ್ಲ, ಒಣಗಿದವನಿಗೆ ದೊಡ್ಡದೇ. ಎರಡನೆಯದು ನೀರಿನ ಬದಲು ತಂಪು ಪಾನೀಯ. ಅಮೆರಿಕದ ಬಫೆಲೊ ವಿಶ್ವವಿದ್ಯಾಲಯದಲ್ಲಿ 12 ಆರೋಗ್ಯವಂತರನ್ನು 35 ಡಿಗ್ರಿ ಶಾಖದಲ್ಲಿ ನಾಲ್ಕು ತಾಸು ದುಡಿಸಿ, ಒಂದು ದಿನ ನೀರು, ಇನ್ನೊಂದು ದಿನ ಸಿಹಿ ಸೋಡಾ ಪಾನೀಯ ಕೊಟ್ಟು ನೋಡಿದರು. ಪಾನೀಯ ಕುಡಿದ ದಿನ ಮೂತ್ರಪಿಂಡಕ್ಕೆ ಏಟು ಬಿದ್ದ ಗುರುತುಗಳು ಹೆಚ್ಚಿದ್ದವು. ಹನ್ನೆರಡೇ ಜನರ ಪ್ರಯೋಗ, ಅದರ ಮೇಲೆ ಗೋಪುರ ಕಟ್ಟಬಾರದು. ಆದರೂ ಬಸ್ ನಿಲ್ದಾಣದ ಅಂಗಡಿಯಲ್ಲಿ ಹತ್ತು-ಇಪ್ಪತ್ತು ರೂಪಾಯಿಯ ಬಣ್ಣದ ಬಾಟಲಿಗಳು ತೂಗುವುದನ್ನು ಕಂಡಾಗ ನನಗೆ ಆ ಪ್ರಯೋಗ ನೆನಪಾಗುತ್ತದೆ.

ಹೆಣ್ಣುಮಕ್ಕಳ ಪಾಡು ಬೇರೆ. ಸೌಂದರ್ಯ ಸಾಮಗ್ರಿ, ಶಕ್ತಿಪುಡಿ, ಸೀರೆ ಹಿಡಿದು ಓಣಿ ಸುತ್ತುವವರಲ್ಲಿ ಅವರೂ ಇದ್ದಾರೆ. ಊರೊಳಗೆ ಶೌಚಾಲಯ ಸಿಗದೆಂದು ಬೆಳಗ್ಗೆಯಿಂದಲೇ ನೀರು ಬಿಡುವವರು. ಉರಿಮೂತ್ರ ಎಂದು ಔಷಧಿ ತಂದು ಸುಮ್ಮನಾಗುತ್ತಾರೆ, ಸೋಂಕು ಮೇಲಕ್ಕೇರಿದರೆ ಅದೂ ಮೂತ್ರಪಿಂಡದ ಬಾಬತ್ತೇ.

ದೇಹಕ್ಕೆ ಬೀಳುವ ಏಟು ಬಿಸಿಲಿನಿಂದಷ್ಟೇ ಅಲ್ಲ. ಅಮೆರಿಕದ ನಾಲ್ಕು ನಗರಗಳ 3,937 ಯುವಜನರ ಆದಾಯವನ್ನು 1990ರಿಂದ ಹಿಂಬಾಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆದಾಯ ಅತಿಯಾಗಿ ಏರಿಳಿದವರಲ್ಲಿ ಹೃದಯರೋಗ ಸುಮಾರು ಎರಡು ಪಟ್ಟು, ಸಾವಿನ ಸಂಭವವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕಡೆಗೆ ಹತ್ತಿರದ ಇನ್ನೊಂದು ಪುರಾವೆ ತಮಿಳುನಾಡಿನ ಕಬ್ಬು ಬೆಳೆಗಾರರದು. 54 ಹಳ್ಳಿಗಳ 464 ರೈತರಿಗೆ ಕಟಾವಿಗೆ ಮುನ್ನ ಮತ್ತು ಕಟಾವಿನ ನಂತರ ಒಂದೇ ಬಗೆಯ ಬುದ್ಧಿಪರೀಕ್ಷೆ ಕೊಟ್ಟರು. ಕೈಯಲ್ಲಿ ಹಣವಿಲ್ಲದ ದಿನಗಳಲ್ಲಿ ಅದೇ ರೈತ ಕಡಿಮೆ ಅಂಕ ಪಡೆದ. ಕಮಿಷನ್‌ನವನಿಗೆ ಪ್ರತಿ ಬೆಳಗ್ಗೆಯೂ ಕಟಾವಿನ ಮುಂಚಿನ ದಿನ. ಅಂಥ ತಲೆಗೆ, "ನಿನ್ನ ಆರೋಗ್ಯ ನೀನೇ ನೋಡಿಕೋ, ಬೇಕಾದಾಗ ವಿಶ್ರಾಂತಿ ತಗೋ, ನೀನು ಸ್ವತಂತ್ರ" ಎಂದು ಬುದ್ಧಿ ಹೇಳುವುದು ಹಾಸ್ಯವಲ್ಲದೆ ಇನ್ನೇನು?

ಈ "ಸ್ವತಂತ್ರ" ಎಂಬ ಪದ ಒಪ್ಪಂದದ ಕಾಗದದಲ್ಲೂ ಇರುತ್ತದೆ. ನೌಕರನಲ್ಲ, ಸ್ವತಂತ್ರ ಏಜೆಂಟ್. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ವ್ಯಾಖ್ಯೆಯಲ್ಲಿ ವೇತನದಿಂದ ಹೊರಗಿಟ್ಟ ಬಾಬತ್ತುಗಳ ಪಟ್ಟಿಯಲ್ಲಿ ಕಮಿಷನ್ನೂ ಒಂದು. ಹೊರಗಿಟ್ಟದ್ದೆಲ್ಲ ಒಟ್ಟು ಪಾವತಿಯ ಅರ್ಧ ದಾಟಿದರೆ ಹೆಚ್ಚಿನದನ್ನು ವೇತನವೆಂದು ಎಣಿಸಬೇಕೆಂಬ ಷರತ್ತಿದೆ, ಖರೆ, ಆದರೆ ಅದು ಅನ್ವಯಿಸಲು ಮೊದಲು ಅವನು ನೌಕರನೆನಿಸಬೇಕು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು, ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಅದು ಆ್ಯಪ್ ಮೂಲಕ ದುಡಿಯುವವರಿಗೆ. ಕಟಕೋಳದ ಹುಡುಗನಿಗೆ ಲೀಡರ್ ಇದ್ದಾನೆ, ಆ್ಯಪ್ ಇಲ್ಲ. ಇನ್ನು 2021ರ ನೇರ ಮಾರಾಟ ನಿಯಮಗಳಿವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳಿ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗಕೂಡದು ಎನ್ನುತ್ತವೆ. ಗ್ರಾಹಕರ ರಕ್ಷಣೆಗೆ ಒಳ್ಳೆಯದೇ. ಮಾರುವವನ ನೀರು-ನೆರಳಿನ ಬಗ್ಗೆ ಅಲ್ಲಿ ಚಕಾರವಿಲ್ಲ.

ದಾರಿ ಇಲ್ಲವೆಂದಲ್ಲ, ದಾರಿ ಕರ್ನಾಟಕದಲ್ಲೇ ತೆರೆದಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆಯನ್ನೂ ಕೂಡಿಸುವ ಯೋಜನೆ. ಬ್ಯಾಂಕು ಕಟ್ಟಿದವರಲ್ಲೊಬ್ಬರಾದ ಟಿ.ಎಂ.ಎ. ಪೈ ಅವರ ಹೆಸರಿನೊಂದಿಗೆ ಬೆಸೆದ ಈ ಪದ್ಧತಿ ಇವತ್ತಿಗೂ ನಮ್ಮ ಪತ್ತಿನ ಸಂಘಗಳ ಉಸಿರು. ಸಂಜೆ ಬೈಲಹೊಂಗಲದ ಪೇಟೆಯಲ್ಲಿ ನಿಂತರೆ ಸಣ್ಣ ಮಷೀನು ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುವ ಪಿಗ್ಮಿಯವರು ಕಾಣುತ್ತಾರೆ. ಇವರಿಗೂ ಕಮಿಷನ್ನೇ. ನಾವು ನೌಕರರೋ ಅಲ್ಲವೋ ಎಂದು ಬ್ಯಾಂಕುಗಳ ಠೇವಣಿ ಸಂಗ್ರಾಹಕರು ಎತ್ತಿದ ಪ್ರಶ್ನೆ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1988ರ ಡಿಸೆಂಬರಿನಲ್ಲಿ ಅದು ಕೊಟ್ಟ ತೀರ್ಪಿನಲ್ಲಿ ತಿಂಗಳಿಗೆ 7,500 ರೂಪಾಯಿ ಠೇವಣಿ ಕೂಡಿಸಿದವರಿಗೆ 750 ರೂಪಾಯಿ ಆಸರೆ ಕೂಲಿ, ಓಡಾಟದ ಭತ್ಯೆ, ಗ್ರಾಚುಯಿಟಿ ಇದ್ದವು. ಬ್ಯಾಂಕುಗಳು ಮೇಲಿನ ಕೋರ್ಟಿಗೆ ಹೋದವು. 2001ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಸಂಗ್ರಾಹಕರು ಕಾರ್ಮಿಕರೇ, ಅವರು ಪಡೆಯುವ ಕಮಿಷನ್ ವೇತನವೇ ಎಂದು ಹೇಳಿತು.

ವೈದ್ಯಕೀಯದ ಕಣ್ಣಲ್ಲಿ ಆ 750 ರೂಪಾಯಿಗೆ ದೊಡ್ಡ ಅರ್ಥವಿದೆ ಎಂಬುದು ನನ್ನ ವಾದ. ತಿಂಗಳಿಗೆ ಇಷ್ಟು ಬಂದೇ ಬರುತ್ತದೆ ಎಂದು ಗೊತ್ತಿದ್ದವನು ಎರಡರ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂರಬಲ್ಲ. ನೀರು ಕುಡಿಯಿರಿ ಎಂಬ ಭಿತ್ತಿಪತ್ರ ನೂರು ಅಂಟಿಸಿದರೂ ಆಗದ್ದು ಅದರಿಂದ ಆಗುತ್ತದೆ. ಇಂದಿನ ಮಾರಾಟದ ಹುಡುಗರಿಗೆ ಅಂಥ ಆಸರೆ ಕೂಲಿ ನಿಗದಿಯಾಗದ ಹೊರತು ಉಳಿದ ಸಲಹೆಗಳೆಲ್ಲ ಗಾಳಿಗೆ. ಅದರ ಜೊತೆಗೆ, ಏಪ್ರಿಲ್-ಮೇನಲ್ಲಿ ಹನ್ನೆರಡರಿಂದ ಮೂರೂವರೆವರೆಗೆ ಮನೆಮನೆ ಮಾರಾಟ ನಿಲ್ಲಿಸುವ ಆದೇಶ ಜಿಲ್ಲಾಡಳಿತದಿಂದ ಬರಲಿ. ಮೂವತ್ತರ ಒಳಗಿನವನು ಬಿಪಿ ನೋಡಿಸಲು ಬಂದರೂ ಏನು ಕೆಲಸ, ಕೂಲಿ ಹೇಗೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಲಿ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಲಿ. ಡಯಾಲಿಸಿಸ್‌ಗೆ ಬಿದ್ದರೆ ವಾರಕ್ಕೆ ಎರಡು-ಮೂರು ದಿನ, ಪ್ರತಿ ಸಲ ನಾಲ್ಕು ತಾಸು. ದುಡಿದರಷ್ಟೇ ಕೂಲಿ ಎನ್ನುವವನ ಮನೆಯಲ್ಲಿ ಆಮೇಲೆ ಒಲೆ ಉರಿಯುವುದು ಹೇಗೆ?

ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಇಳಿಸಿದರು. ಫ್ಯಾನಿನ ಕೆಳಗಿನ ಗುಮಾಸ್ತರಿಗೂ ಅಷ್ಟು ಕಾಳಜಿ ಬೇಕು, ಬೇಡವೆನ್ನಲಾರೆ. ಬೆಳಗಾವಿ ಜಿಲ್ಲೆ ಆ ಪಟ್ಟಿಯಲ್ಲಿರಲಿಲ್ಲ. ರಾಮದುರ್ಗದ ಗಡಿ ದಾಟಿದರೆ ಬಾಗಲಕೋಟೆ ಜಿಲ್ಲೆಯ ಲೋಕಾಪುರ, ಬಿಸಿಲು ಎರಡೂ ಕಡೆ ಒಂದೇ.

ಆದೇಶಗಳು ಬರುವಾಗ ಬರಲಿ. ಬರುವ ಬೇಸಿಗೆಯಲ್ಲಿ ಮಧ್ಯಾಹ್ನ ಎರಡಕ್ಕೆ ಯಾರಾದರೂ ಬಾಗಿಲು ಬಡಿದರೆ ಸರಕು ಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಒಳಗೆ ಕರೆದು ತಂಬಿಗೆ ನೀರು ಕೊಡಿ, ಬಚ್ಚಲು ಎಲ್ಲಿದೆ ಎಂದೂ ತೋರಿಸಿ.